ಮಹಡಿಯ ಕೋಣೆಯಲ್ಲಿ ಸಭೆ

ಜುಲೈ 6, ರವಿವಾರ

ಎಂದಿನಂತೆ ಟ್ರಸ್ಟಿನ ಸಭೆ ನಡೆಯಿತು. ಅಂದರೆ ನಾನು ನಡೆದೆ. ಮಹಾಂತಣ್ಣ ಹಳೆಯ ಮನೆಯ ಪಡಸಾಲೆಯಲ್ಲಿ, ಮುರಿಗೆವ್ವಕ್ಕ ಅಡುಗೆಮನೆಯಲ್ಲಿ, ನಡುವೆ ಕಿರಿಯವನಾದ ನಾನೇ ಟಪಾಲು. ಅಪ್ಪ ತೀರಿದಾಗಿನಿಂದ ಅವರಿಬ್ಬರಿಗೆ ಮಾತಿಲ್ಲ. ಟ್ರಸ್ಟಿಗಳು ಮೂವರು, ಟ್ರಸ್ಟ್ ಇಲ್ಲ.

ಇಂದಿನ ವಿಷಯ ನಗುವಂಥದ್ದಲ್ಲ. ಉಣಕಲ್‌ನಲ್ಲಿ ಅಜ್ಜ ಕಟ್ಟಿಸಿದ ಹೆಣ್ಣುಮಕ್ಕಳ ಪ್ರಸಾದ ನಿಲಯ... ಮಹಡಿಯ ಕೋಣೆಯ ಸ್ಲ್ಯಾಬ್ ಬಿರುಕು ಬಿಟ್ಟಿದೆ. ಅದರಡಿ ಅಮ್ಮಿನಬಾವಿ, ಹೆಬ್ಬಳ್ಳಿಯಿಂದ ಓದಲು ಬಂದ ಹುಡುಗಿಯರು ಮಲಗುತ್ತಾರೆ.

ಅಕ್ಕ: "ಹುಡಿಗ್ಯಾರನ್ನ ಧಾರವಾಡಕ್ಕ ನಮ್ಮನಿಗೆ ಕಳಸ್ರಿ. ಹಟಾ ಬಿಡಂತ ಅಂವಗ ಹೇಳು."

ಅಣ್ಣ: "ಅಜ್ಜ ಹಚ್ಚಿದ ನಿಲಯದ ಒಲಿ ಒಂದ್ ದಿನಾನೂ ಆರಿಲ್ಲ. ಆಕಿಗೆ ನಿಲಯಾನ ತನ್ನ ಮನಿಗೆ ಒಯ್ಯಬೇಕಾಗೇದ. ಹೇಳು ಹೋಗು."

ಎರಡೂ ಮಾತಿಗೆ ಬೆಣ್ಣೆ ಸವರಿ ಮುಟ್ಟಿಸಿದೆ. ಅಡುಗೆಮನೆಯಲ್ಲಿ, "ಅಣ್ಣ ವಿಚಾರ ಮಾಡಾಕತ್ತಾನ." ಪಡಸಾಲೆಯಲ್ಲಿ, "ಅಕ್ಕ ಮೆತ್ತಗಾಗ್ಯಾಳ."

ಜುಲೈ 9, ಬುಧವಾರ, ಸಂಜೆ

ನಿಲಯಕ್ಕೆ ಹೋಗಿದ್ದೆ. ಬಿರುಕಿನೊಳಗೆ ತುಕ್ಕು ಹಿಡಿದ ಸರಳು ಕಾಣುತ್ತಿದೆ. ಮಳೆ ಬಿಟ್ಟಿಲ್ಲ. ಐಶ್ವರ್ಯಾ ಎಂಬ ಪಿಯುಸಿ ಹುಡುಗಿ ಹಾಸಿಗೆಯ ಮೇಲೆ ಉದುರಿದ ಗಾರೆ ಝಾಡಿಸುತ್ತಿದ್ದಳು. "ದಿನಾ ಬೀಳ್ತದ್ರಿ ಸರ್. ರೂಢಿ ಆಗೇದ."

ಆ 'ರೂಢಿ' ಕೇಳಿ ನೆಟ್ಟಗೆ ಕೆಳಗಿಳಿದೆ.

ಇವತ್ತೇ ಖಾಲಿ ಮಾಡಿಸು ಎಂದೆ, ವಾರ್ಡನ್ ಬಾಳವ್ವನಿಗೆ.

"ಕೆಳಗ ಜಾಗಾ ಇಲ್ರಿ. ಹೊರಗ ಕಳಸಾಕ ಮೂರೂ ಮಂದಿ ಟ್ರಸ್ಟಿಗಳ ಸಹಿ ಬೇಕ್ರಿ. ನೀವು ನಗಸಿ ಹೋಗ್ತೀರಿ, ದೊಡ್ಡ ಸಾಹೇಬ್ರು ನನ್ನ ಕೆಲಸಾ ಬಿಡಸಿ ಮನಿಗೆ ಕಳಸ್ತಾರ್ರಿ."

ಜುಲೈ 10

ಇಬ್ಬರಿಗೂ ಫೋನ್.

ಅಣ್ಣ: "ಮೆತ್ತಗಾಗ್ಯಾಳ ಅಂದೆಲ್ಲ. ತಡಿ, ತಾನ ದಾರಿಗೆ ಬರ್ತಾಳ."

ಅಕ್ಕ: "ವಿಚಾರ ಮಾಡಾಕತ್ತಾನ ಅಂದಿ. ಮಾಡ್ಲಿ ತಡಿ."

ಬೆಣ್ಣೆ ನನ್ನದೇ. ಅದನ್ನು ನೆಚ್ಚಿ ಇಬ್ಬರೂ ಆರಾಮಾಗಿ ಕೂತಿದ್ದಾರೆ.

ಜುಲೈ 17, ಗುರುವಾರ

ಬರೆಯಲಾಗಿಲ್ಲ. ಮಳೆ ಜೋರಾದರೆ ಫೋನ್ ನೋಡುತ್ತೇನೆ. ಫೋನ್ ಬಂದರೆ ಎತ್ತಲು ಹೆದರಿಕೆ.

ಇಂದು ಬಂತು, ಬಾಳವ್ವನದು. ಗಾರೆಯ ದೊಡ್ಡ ತುಂಡು, ಐಶ್ವರ್ಯಾಳ ದಿಂಬಿನ ಮೇಲೆ. ಹುಡುಗಿ ಸ್ನಾನಕ್ಕೆ ಹೋಗಿದ್ದಳಂತೆ.

ಇಬ್ಬರಿಗೂ ಇದ್ದದ್ದು ಇದ್ದಂತೆ ಹೇಳಿದೆ. ಅಕ್ಕ, "ಅಂವಾ ಬಂದು ಕೇಳ್ಲಿ" ಎಂದಳು. ಅಣ್ಣ ನಕ್ಕ. "ನೀ ಚ್ಯಾಷ್ಟಿ ಮಾಡಾಂವ. ನಿನ್ನ ಮಾತ ಯಾರ ನಂಬ್ತಾರೋ ಶಿವ್ಯಾ?"

ನಲವತ್ತು ವರ್ಷ ನಗಿಸಿದ್ದಕ್ಕೆ ಇದು ಪೆನ್ಶನ್.

ಜುಲೈ 20, ರವಿವಾರ, ಮಧ್ಯಾಹ್ನ

ಸಭೆಯನ್ನು ಮಹಡಿಯ ಕೋಣೆಯಲ್ಲೇ ಕರೆದೆ. ಹುಡುಗಿಯರು ಅಂಗಳದಾಚೆ ಊಟಕ್ಕೆ ಹೋಗಿದ್ದಾರೆ. ಇನ್ನೊಬ್ಬರು ಬರುವುದಿಲ್ಲವೆಂದು ಇಬ್ಬರಿಗೂ ಸುಳ್ಳು ಹೇಳಿದ್ದೆ. ಈಗ ಇಬ್ಬರೂ ಎದುರೆದುರು, ಬಿರುಕಿನ ಕೆಳಗೆ. ನಡಾವಳಿ ಬರೆಯುವ ನೆಪದಲ್ಲಿ ಇದನ್ನು ಬರೆಯುತ್ತಿದ್ದೇನೆ.

"ಅಂವಗ ಹೇಳು..." ಎಂದಳು ಅಕ್ಕ. ನಾನು ಕದಲಲಿಲ್ಲ.

ಮೇಲೆ ಕಟ್ ಎಂದಿತು. ಉದುರಿದ ಗಾರೆಯ ಪುಡಿಗೆ ಅಣ್ಣನ ತಲೆ ಬೆಳ್ಳಗಾಯಿತು. ಯಾರೂ ಏಳುವುದಿಲ್ಲ — ಮೊದಲು ಎದ್ದವರು ಸೋತಂತೆ. ನಾನು ಬಾಗಿಲು ನೋಡುತ್ತಿದ್ದೇನೆ.

ಅಕ್ಕ ಎದ್ದಳು. ಬಾಗಿಲಿಗಲ್ಲ, ಅಣ್ಣನ ಕಡೆಗೆ. ಸೆರಗಿನಿಂದ ಅವನ ತಲೆ ಝಾಡಿಸಿದಳು.

"ಏಳೋ ಅಣ್ಣಾ. ಸಾಯ್ತಿ."

ಎಷ್ಟು ವರ್ಷದ ಮೇಲೆ, ನೇರವಾಗಿ.

ಅಣ್ಣ ತಲೆಯೆತ್ತಿ ಬಿರುಕಿನ ಸರಳು ನೋಡಿದ. ಆಮೇಲೆ, "ಇದರ ಕೆಳಗ ಹುಡಿಗ್ಯಾರು ಮಲಗತಾರಾ?"

"ಹೂಂ" ಎಂದೆ.

ಮತ್ತೆ ಕಟ್. ಈ ಸಲ ಸದ್ದು ಉದ್ದಕ್ಕೆ ಓಡಿತು. ಕೆಳಗೆ ಹೋಗಿ, ಹುಡುಗಿಯರನ್ನು ಕಳಿಸುವ ಕಾಗದಕ್ಕೆ ಸಹಿ ಮಾಡೋಣ ಎಂದೆ.

"ಕೆಳಗ ಹೋದ್ರ ನನ್ನ ಮನಸ್ಸ ಬದಲಾಗ್ತದ. ಪೆನ್ ತಾ ಇಲ್ಲಿ."

ಅಣ್ಣ ಕೈ ಚಾಚಿದ್ದಾನೆ. ಇರುವುದು ಇದೊಂದೇ ಪೆನ್ನು. ಕೊಡಬೇಕು, ಮೇಲೆ ಮತ್ತೆ ಕಟ್ —