ಉಣ್ಣೆ ಟೋಪಿಯಲ್ಲಿ ಬಂದ ಹೆಡ್ಜ್‌ಹಾಗ್

ಬಂದರು ಬೀದಿ,
ಪೋರ್ಟ್‌ಗಾರ್ವಿ, ಸ್ಕಾಟ್ಲೆಂಡ್
ಏಪ್ರಿಲ್ ೧೬

ಪ್ರೀತಿಯ ಇಶ್ಬೆಲ್ ಅವರಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಇದನ್ನು ಒಲೆಗೆ ಹಾಕಿರಲಾರಿರಿ ಎಂದು ನಂಬಿ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಕಳೆದ ವಾರ ಅಂಗಡಿಯಲ್ಲಿ ನನ್ನನ್ನು ಕಂಡು, ಕೈಯಲ್ಲಿದ್ದ ಬ್ರೆಡ್ಡನ್ನು ಅಲ್ಲೇ ಇಟ್ಟು ಹೊರಟುಬಿಟ್ಟಿರಿ. ಕಾಗದವಾದರೆ ಮೇಜಿನ ಮೇಲೆ ಬಿದ್ದಿರುತ್ತದೆ, ಮನಸ್ಸು ಬಂದಾಗ ಓದಬಹುದು.

ಕೇಳಬೇಕಾದದ್ದು ಒಂದೇ ವಿಷಯ. ನವೆಂಬರಿನಲ್ಲಿ ಸ್ಟ್ರೂವನ್ ನಿಮ್ಮ ಹಿತ್ತಲಿನಿಂದ ಎತ್ತಿಕೊಂಡು ಬಂದ ಹೆಡ್ಜ್‌ಹಾಗ್ ಬದುಕಿದೆ. ಅದನ್ನು ಮತ್ತೆ ಅಲ್ಲಿಗೇ ಬಿಡಬೇಕಾಗಿದೆ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕು. ಇಷ್ಟಕ್ಕೇ ಕಾಗದ ಮುಗಿಸಬಹುದಿತ್ತು. ಆದರೆ ಸ್ಟ್ರೂವನ್‌ನನ್ನು ಮಣ್ಣು ಮಾಡಿದ ದಿನ ಎಲ್ಲರೆದುರು ನೀವೊಂದು ಮಾತು ಕೇಳಿದಿರಿ. ಅದಕ್ಕೆ ಉತ್ತರ ಈಗ ಬರೆಯುತ್ತೇನೆ.

ನವೆಂಬರಿನ ಆ ದಿನ ಅವನು ನಿಮ್ಮ ಮನೆಯ ಸೂರಿನ ಮಳೆನೀರಿನ ಕಾಲುವೆಯಲ್ಲಿ ತುಂಬಿದ್ದ ಎಲೆ ತೆಗೆಯಲು ಬಂದಿದ್ದ. ವಾಪಸು ಬರುವಾಗ ತಲೆಯ ಮೇಲೆ ಟೋಪಿ ಇರಲಿಲ್ಲ, ಕಿವಿ ಕೆಂಪಗಾಗಿತ್ತು. ಟೋಪಿಯನ್ನು ಎರಡೂ ಕೈಯಲ್ಲಿ ಬೋಗುಣಿಯ ಹಾಗೆ ಹಿಡಿದಿದ್ದ. ಒಳಗೆ ಮುಷ್ಟಿಯಷ್ಟು ದೊಡ್ಡ ಮುಳ್ಳಿನ ಉಂಡೆ. "ಹಾಡಹಗಲೇ ಹುಲ್ಲಿನ ಮೇಲೆ ಕೂತಿತ್ತು ಕಣೇ. ಇವು ಹಗಲು ಹೊರಗೆ ಬಂದ್ರೆ ಏನೋ ಕೆಟ್ಟಿದೆ ಅಂತ ಅರ್ಥ" ಎಂದ. ಅಡುಗೆಮನೆಗೆ ತರಬೇಡ, ಮೈಯೆಲ್ಲ ಹುಳ ಇರುತ್ತೆ ಅಂತ ನಾನು ಕೂಗಿದೆ. ಅವನು ಆಗಲೇ ನನ್ನ ಕೇಕಿನ ತಕ್ಕಡಿ ತೆಗೆದು ಅದನ್ನು ಟೋಪಿಸಮೇತ ತೂಗುತ್ತಿದ್ದ. ಟೋಪಿಯ ತೂಕ ಕಳೆದರೆ ಇನ್ನೂರ ಎಂಬತ್ತು ಗ್ರಾಂ.

ಊನಾ ಗೆಡ್ಡಿಸ್ ನಿಮಗೆ ಗೊತ್ತು, ಶಾಲೆಯ ಬಸ್ ಓಡಿಸುತ್ತಿದ್ದವರು. ಈಗ ಅವರ ಗ್ಯಾರೇಜಿನ ತುಂಬ ಕಾಯಿಲೆಯ ಹೆಡ್ಜ್‌ಹಾಗ್‌ಗಳು. ಸಂಜೆಯೇ ಬಂದು ನೋಡಿದರು. ತಡವಾಗಿ ಹುಟ್ಟಿದ ಮರಿ, ಮೈಯಲ್ಲಿ ಕೊಬ್ಬು ಕೂಡಿಲ್ಲ, ಈ ತೂಕದಲ್ಲಿ ಚಳಿಗಾಲದ ನಿದ್ದೆಗೆ ಹೋದರೆ ಏಳುವುದಿಲ್ಲ ಎಂದರು. ಆರುನೂರು ಗ್ರಾಂ ಆದರೂ ಬೇಕಂತೆ. ಅವರ ಹತ್ತಿರ ಒಂದು ಗೂಡೂ ಖಾಲಿ ಇರಲಿಲ್ಲ. "ನೀವೇ ಇಟ್ಕೊಳ್ಳಿ. ಹಾಲು ಗೀಲು ಕೊಟ್ಟೀರ, ಜೋಕೆ. ಹೊಟ್ಟೆ ಕೆಟ್ಟು ಸಾಯತ್ತೆ. ಬೆಕ್ಕಿನ ಡಬ್ಬಿ ಊಟ, ನೀರು, ಬಿಸಿನೀರಿನ ಚೀಲ, ಅಷ್ಟೇ. ಮುದ್ದು ಮಾಡ್ಬೇಡಿ. ಕಾಡಿನ ಜೀವ, ನಾಳೆ ಹೋಗೋದು" ಎಂದು ಹೇಳಿ ಹೋದರು.

ಹೆಸರಿಡಬಾರದೆಂದು ಸ್ಟ್ರೂವನ್ ಅದನ್ನು 'ಬಾಡಿಗೆದಾರ' ಎಂದು ಕರೆಯುತ್ತಿದ್ದ. ಅದು ಹೆಣ್ಣು ಎಂದು ಊನಾ ಆಮೇಲೆ ಹೇಳಿದರೂ ಅದೇ ಉಳಿಯಿತು. ಎಲ್ಲ ಕೆಲಸವೂ ಅವನದೇ. ದಿನವೂ ಅದನ್ನಿಟ್ಟ ರಟ್ಟಿನ ಪೆಟ್ಟಿಗೆಯ ಹಳೇ ಪೇಪರ್ ತೆಗೆದು ಹೊಸದು ಹಾಸುವುದು, ಟವೆಲ್ ಸುತ್ತಿದ ಬಿಸಿನೀರಿನ ಚೀಲ ಇಡುವುದು, ಸಂಜೆ ತೂಗುವುದು. ಮನೆಯೆಲ್ಲ ಗಬ್ಬುನಾತ ಎಂದು ನಾನು ಗೊಣಗಿದರೆ, "ನೋಡ್ರಪ್ಪಾ, ಮೀನುಗಾರನ ಮಗಳು ವಾಸನೆ ಬಗ್ಗೆ ಮಾತಾಡ್ತಾ ಇದಾಳೆ" ಎನ್ನುತ್ತಿದ್ದ. ನಿಜ ಹೇಳುತ್ತೇನೆ, ಇಶ್ಬೆಲ್. ಅವನಿರುವವರೆಗೆ ನಾನು ಒಂದು ದಿನವೂ ಆ ಪೆಟ್ಟಿಗೆಗೆ ಕೈ ಹಾಕಿರಲಿಲ್ಲ.

ಡಿಸೆಂಬರಿನ ಆ ಗುರುವಾರದ ಬಗ್ಗೆ ನಿಮಗೆ ನಾನು ಹೇಳಬೇಕಾದದ್ದು ಏನೂ ಇಲ್ಲ. ಅವನು ಕೆಲಸ ಮಾಡುತ್ತಿದ್ದ ದೋಣಿ ರಿಪೇರಿ ಶೆಡ್ಡಿನವರು ನಿಮಗೂ ನನಗೂ ಒಟ್ಟಿಗೇ ಫೋನ್ ಮಾಡಿದರು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದು ಡಾಕ್ಟರು ಹೇಳುವಾಗ ನಾವಿಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತಿದ್ದೆವು. ನಿಮ್ಮ ಕೈ ನನ್ನ ಕೈಯಲ್ಲಿತ್ತು. ಅದು ನಿಮಗೆ ನೆನಪಿದೆಯೋ ಇಲ್ಲವೋ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಒಬ್ಬಳೇ ಮನೆಗೆ ಬಂದೆ. ಕೋಟು ಬಿಚ್ಚುವುದೂ ತೋಚದೆ ಅಡುಗೆಮನೆಯಲ್ಲಿ ನಿಂತಿದ್ದೆ. ಮೂಲೆಯಲ್ಲಿ ರಟ್ಟು ಕೆರೆಯುವ ಸದ್ದು ಕೇಳಿತು. ತಟ್ಟೆ ಬರಿದಾಗಿತ್ತು, ನೀರಿನ ಚೀಲ ತಣ್ಣಗಿತ್ತು. ಅವನು ಹಿಂದಿನ ದಿನ ಕೆಲಸಕ್ಕೆ ಹೋಗುವ ಮುಂಚೆ ಇಟ್ಟಿದ್ದೇ ಕೊನೆಯ ಊಟ. ಕೋಟು ತೊಟ್ಟುಕೊಂಡೇ ಡಬ್ಬಿ ತೆರೆದೆ, ನೀರು ಕಾಯಿಸಿದೆ.

ಮಣ್ಣು ಮಾಡುವ ಹೊತ್ತಿಗೆ ಅದು ಊಟ ಬಿಟ್ಟಿತ್ತು. ಉಸಿರಾಡುವಾಗ ಗೊರಗೊರ ಸದ್ದು. ಸ್ವಲ್ಪ ಸ್ವಲ್ಪ ಹೊತ್ತಿಗೆ ಸಿರಿಂಜಿನಲ್ಲಿ ಊಟ ಇಳಿಸಬೇಕು, ತಪ್ಪಿಸಿದರೆ ಉಳಿಯುವುದಿಲ್ಲ ಎಂದು ಊನಾ ಹೇಳಿದ್ದರು. ಅದಕ್ಕೇ ಚರ್ಚಿನ ಸಭಾಂಗಣದಲ್ಲಿ ಎಲ್ಲರೂ ಟೀ ಹಿಡಿದು ಅವನ ಮಾತಾಡುತ್ತಿರುವಾಗ ನಾನು ಎದ್ದೆ. ನೀವು ಬಾಗಿಲಲ್ಲಿ ಅಡ್ಡ ನಿಂತಿರಿ. "ಗಂಡನ್ನ ಮಣ್ಣಿಗಿಟ್ಟು ಒಂದ್ ಗಂಟೆ ಆಗಿಲ್ಲ, ಎಲ್ಲಿಗೆ ಓಡ್ತಿದೀಯ?" ಎಂದಿರಿ. ಹೆಡ್ಜ್‌ಹಾಗ್‌ಗೆ ಊಟ ಕೊಡಬೇಕು ಎಂದೆ. ಸುಳ್ಳು ಹೇಳಬಹುದಿತ್ತು. ತಲೆನೋವು ಎಂದಿದ್ದರೂ ನಡೆಯುತ್ತಿತ್ತು. ಎಲ್ಲರೂ ನಮ್ಮ ಕಡೆ ತಿರುಗಿದರು. ಆಗ ನೀವು ಹೇಳಿದಿರಿ: "ನನ್ ಮಗನಿಗಿಂತ ಅದು ಹೆಚ್ಚಾಯ್ತಾ ನಿಂಗೆ? ಕಣ್ಣಲ್ಲಿ ಒಂದ್ ಹನಿ ನೀರಿಲ್ಲ."

ಹೆಚ್ಚಲ್ಲ, ಇಶ್ಬೆಲ್. ಅವನಿಗೆ ಮಾಡಬೇಕಾದದ್ದು ಇನ್ನೇನೂ ಉಳಿದಿರಲಿಲ್ಲ. ಇದಕ್ಕೆ ಉಳಿದಿತ್ತು. ಅಷ್ಟೇ.

ಇನ್ನು ಕಣ್ಣೀರು. ಆವತ್ತು ಬರಲಿಲ್ಲ. ಆಮೇಲೂ ಬಂದಿಲ್ಲ.

ಒಂದು ವಾರ ಕಳೆದ ಮೇಲೆ ಊನಾ ಕಾರಿನಲ್ಲಿ ಗೂಡು ಇಟ್ಟುಕೊಂಡು ಬಂದರು. ಅವರ ಗ್ಯಾರೇಜಿನಲ್ಲಿ ಒಂದು ಸತ್ತು ಜಾಗ ಖಾಲಿಯಾಗಿತ್ತು. ನಾನೇ ಫೋನ್ ಮಾಡಿ ಕರೆಸಿದ್ದೆ. ನನ್ನ ಕೈಯಲ್ಲಾಗುವುದಿಲ್ಲ, ಒಯ್ಯಿರಿ ಎಂದಿದ್ದೆ. ತೂಗಿದರು. ಏರಿದ್ದ ತೂಕವೆಲ್ಲ ಇಳಿದಿತ್ತು. ಎದೆಯಲ್ಲಿ ಹುಳ ಸೇರಿದೆ, ಸೂಜಿ ಕೊಡಬೇಕು ಎಂದು ಪೆಟ್ಟಿಗೆ ಎತ್ತಿದರು. ನಾನು ಅದರ ಇನ್ನೊಂದು ಬದಿ ಹಿಡಿದುಕೊಂಡುಬಿಟ್ಟೆ. ಯಾಕೆ ಹಿಡಿದೆನೋ ಗೊತ್ತಿಲ್ಲ. "ಬಿಡು, ಮೋರ್ವೆನ್" ಎಂದರು. ಬಿಡಲಾಗಲಿಲ್ಲ. ಇಬ್ಬರೂ ಒಂದೊಂದು ಬದಿ ಹಿಡಿದು, ಸೋಫಾ ಸಾಗಿಸುವವರ ಹಾಗೆ, ಅಡುಗೆಮನೆಯ ನಡುವೆ ನಿಂತಿದ್ದೆವು. ಕೊನೆಗೆ ಅವರೇ ಪೆಟ್ಟಿಗೆ ಕೆಳಗಿಟ್ಟು ಕೋಟು ಬಿಚ್ಚಿ ನೇತುಹಾಕಿದರು. "ಸರಿ, ಟೀ ಇಡು. ಸೂಜಿ ಹಾಕೋದು ಹೇಳ್ಕೊಡ್ತೀನಿ. ಕೈ ನಡುಗಿದ್ರೆ ಚುಚ್ಚೋದು ನಿಂಗೇ ನೋಡು" ಎಂದರು.

ಸೂಜಿ ಹಾಕುವುದು ಕಲಿತೆ. ಒಂದು ಸಲ ನನಗೇ ಚುಚ್ಚಿಕೊಂಡದ್ದೂ ಆಯಿತು. ಕ್ರಿಸ್‌ಮಸ್‌ಗೆ ಮೊದಲ ಬಾರಿ ಅದು ತಾನಾಗಿ ತಟ್ಟೆಗೆ ಮೂತಿ ಹಾಕಿ ಚಪ್ಪರಿಸುತ್ತ ತಿಂದಿತು. ಆ ಸದ್ದು ಎಷ್ಟು ಅಸಹ್ಯವೆಂದರೆ ನಾನು ಬಾಗಿಲ ಆಚೆ ನಿಂತು ಪೂರ್ತಿ ಕೇಳಿಸಿಕೊಂಡೆ. ಆ ದಿನಗಳಲ್ಲಿ ನಾನು ಉಂಡದ್ದು ಕಡಿಮೆ. ಒಮ್ಮೆ ಊನಾ ಬಂದವರು ಪೆಟ್ಟಿಗೆ ನೋಡುವ ಮುಂಚೆ ನನ್ನನ್ನು ನೋಡಿ, "ಇವತ್ತು ಏನ್ ತಿಂದೆ?" ಎಂದರು. ಓಟ್ಸ್ ಬಿಸ್ಕತ್ತು ಎಂದೆ. "ತಕ್ಕಡಿ ತಾ ಇಲ್ಲಿ. ಇವತ್ತು ಅದಕ್ಕಿಂತ ಮುಂಚೆ ನಿನ್ನ ಕೂರಿಸ್ತೀನಿ" ಎಂದರು.

ಜನವರಿಯಲ್ಲಿ ಆರುನೂರು ದಾಟಿತು. ಅದನ್ನು ಸ್ಟ್ರೂವನ್‌ನ ಹಿತ್ತಲ ಶೆಡ್ಡಿಗೆ, ಅವನ ಕೆಲಸದ ಬೆಂಚಿನ ಕೆಳಗೆ, ಒಣಹುಲ್ಲು ತುಂಬಿದ ಗೂಡಿಗೆ ಹಾಕಿದೆ. ತಣ್ಣನೆ ಜಾಗದಲ್ಲಿದ್ದರೇ ಅದಕ್ಕೆ ನಿಜವಾದ ನಿದ್ದೆ. ಕೆಲವು ದಿನಕ್ಕೆ ಊಟ ಮುಟ್ಟುವುದು ನಿಂತಿತು. ಫೆಬ್ರವರಿಯ ಒಂದು ಬೆಳಿಗ್ಗೆ ಹುಲ್ಲು ಸರಿಸಿ ಬೆರಳಿಟ್ಟು ನೋಡಿದೆ. ಕಲ್ಲಿನಷ್ಟು ತಣ್ಣಗಿತ್ತು. ಉಸಿರು ಕಾಣಲಿಲ್ಲ. ಡಿಸೆಂಬರಿನಲ್ಲಿ ಅವನ ಕೈ ಮುಟ್ಟಿದ್ದೆನಲ್ಲ, ಅಷ್ಟು ತಣುಪಿಗೆ ನನಗೆ ಗೊತ್ತಿದ್ದ ಅರ್ಥ ಒಂದೇ. ಅವನ ಸ್ಟೂಲಿನ ಮೇಲೆ ಕೂತೆ. ಬಹಳ ಹೊತ್ತಿನ ಮೇಲೆ ಊನಾಗೆ ಫೋನ್ ಮಾಡಿ ಸತ್ತುಹೋಯಿತು ಎಂದೆ.

"ಉಂಡೆ ಬಿಗಿಯಾಗಿ ಕಟ್ಕೊಂಡಿದೆಯಾ?"

ಹೂಂ ಎಂದೆ.

"ಸತ್ತಿದ್ರೆ ಬಿಚ್ಕೊಂಡು ಬಿದ್ದಿರ್ತಿತ್ತು. ಮಲಗಿದೆ ಕಣೇ ಅದು. ಬಾಗಿಲು ಎಳ್ಕೊಂಡು ಹೊರಗೆ ಬಾ, ಅದರ ನಿದ್ದೆ ಕೆಡಿಸ್ಬೇಡ."

ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಆವತ್ತು ಅವನು ಹೋದ ಮೇಲೆ ಮೊದಲ ಸಲ ಬಂದರಿನವರೆಗೆ ನಡೆದು ಹೋದೆ.

ಮಾರ್ಚ್ ಕೊನೆಗೆ ಅದು ಎದ್ದಿತು. ಈಗ ತಟ್ಟೆಗಟ್ಟಲೆ ತಿಂದು ಗೂಡು ಕೆರೆಯುತ್ತದೆ. ನನ್ನನ್ನು ಕಂಡರೆ ಬುಸ್ ಎನ್ನುತ್ತದೆ. ಅದು ಒಳ್ಳೆಯ ಲಕ್ಷಣವಂತೆ. ಸಿಕ್ಕಿದ ಜಾಗಕ್ಕೇ ಬಿಡಬೇಕು, ಅಲ್ಲಿಯ ಬೇಲಿ, ಬಿಲ, ಹುಳಹುಪ್ಪಟೆಗಳ ಗುರುತು ಅದಕ್ಕೆ ಇರುತ್ತದೆ ಎಂದು ಊನಾ ಹೇಳುತ್ತಾರೆ. ನಿಮ್ಮ ಹಿತ್ತಲ ಆ ಮೂಲೆಯ ಹುಲ್ಲನ್ನು ನೀವು ಕತ್ತರಿಸುವುದಿಲ್ಲವೆಂದು ನನಗೆ ಗೊತ್ತು. ನನ್ನ ಮುಖ ನೋಡುವುದು ಬೇಡವಾದರೆ ಊನಾ ತರುತ್ತಾರೆ. ನಾನು ಮನೆಯಲ್ಲೇ ಇರುತ್ತೇನೆ. ನನಗೇನೂ ಬೇಸರವಿಲ್ಲ.

ಮದುವೆಯ ದಿನ "ಅಮ್ಮ ಗಿಮ್ಮ ಅನ್ಬೇಡ, ನಂಗೆ ಇಶ್ಬೆಲ್ ಅಂತ ಹೆಸರಿದೆ" ಎಂದಿದ್ದಿರಿ. ಅದರಂತೆಯೇ ನಡೆದುಕೊಂಡಿದ್ದೇನೆ.

ನಿಮ್ಮ,
ಮೋರ್ವೆನ್

ತಾ. ಕ.: ಊನಾ ಬಂದರೂ ನಾನು ಅವರ ಕಾರಿನಲ್ಲಿ ಕೂತಿರುತ್ತೇನೆ. ಇಳಿಯುವುದಿಲ್ಲ.


ಗುಡ್ಡದ ಮನೆ
ಮೇ ೪

ಮೋರ್ವೆನ್,

ನಿನ್ನ ಕಾಗದ ಓದಿ ಫೋನಿನಲ್ಲಿ "ಶನಿವಾರ ಸಂಜೆ. ನೀನೇ ತಗೊಂಡ್ ಬಾ" ಎಂದಷ್ಟೇ ಹೇಳಿ ಇಟ್ಟೆ. ನೀನು ಬಂದಾಗಲೂ ನೆಟ್ಟಗೆ ನಾಲ್ಕು ಮಾತಾಡಲಿಲ್ಲ. ನಾನು ಬಾಯಿ ತೆರೆದರೆ ಕೆಟ್ಟದ್ದೇ ಬರುತ್ತದೆ ಎಂದು ಸ್ಟ್ರೂವನ್‌ನ ಅಪ್ಪನೂ ಹೇಳುತ್ತಿದ್ದರು. ಅದಕ್ಕೆ ನಾನೂ ಕಾಗದ ಹಿಡಿದಿದ್ದೇನೆ.

ನೀನು ಬೇಲಿಯ ಬುಡದಲ್ಲಿ ಪೆಟ್ಟಿಗೆ ಓರೆ ಮಾಡಿ ಇಟ್ಟೆ. ಅದು ಹೊರಗೆ ಬರಲೇ ಇಲ್ಲ. ಇನ್ನೇನು ವಾಪಸು ಒಯ್ಯಬೇಕೇನೋ ಎನ್ನುವಾಗ ಮೂತಿ ಚಾಚಿತು, ಗಾಳಿ ಮೂಸಿತು, ನಡೆಯಿತು. ಓಡುತ್ತದೆ ಎಂದುಕೊಂಡಿದ್ದೆ. ಓಡಲಿಲ್ಲ. ನಮ್ಮಿಬ್ಬರಲ್ಲಿ ಯಾರನ್ನೂ ನೋಡದೆ, ಸಂತೆಗೆ ಹೊರಟ ಮುದುಕಿಯ ಹಾಗೆ, ಹುಲ್ಲಿನೊಳಗೆ ಹೋಗಿಬಿಟ್ಟಿತು. ನೀನು ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ಆಮೇಲೆ ನಿನ್ನಿಂದ ಹೊರಟ ಆ ಧ್ವನಿ ನಾನು ಮನುಷ್ಯರಲ್ಲಿ ಕೇಳಿದ್ದು ಒಂದೇ ಸಲ, ಅದು ಆಸ್ಪತ್ರೆಯಲ್ಲಿ, ನನ್ನ ಗಂಟಲಿನಿಂದಲೇ.

ನಾನು ಒಳಗೆ ಹೋದೆ. ಚಳಿ ತಾಳದೆ ಹೋದೆ ಎಂದು ನೀನು ತಿಳಿದಿರಬೇಕು. ಕೆಟಲ್‌ಗೆ ನೀರು ತುಂಬಿಸುತ್ತ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ. ಕೆಟಲ್ ತುಂಬಿ ಹೊರಗೆ ಹರಿಯುತ್ತಿತ್ತು. ಹೊರಗೆ ಬಂದು ನಿನ್ನ ಪಕ್ಕ ಕೂರಬೇಕಿತ್ತು, ಮಂಡಿ ಬಗ್ಗುವುದಿಲ್ಲ ಎನ್ನುವುದು ನೆಪ. ನೀನು ಎದ್ದು ಬಂದಾಗ ನಿನ್ನ ಹೆಗಲ ಮೇಲೆ ಅವನ ಅಪ್ಪನ ಕೋಟು ಹೊದಿಸಿದೆನಲ್ಲ, ಆಗ ಹೇಳಬೇಕೆಂದಿದ್ದದ್ದು ಇದು: ನಿನ್ನ ಉತ್ತರ ಓದಿದೆ, ಮತ್ತೆ ಮತ್ತೆ ಓದಿದೆ, ನನಗೆ ಅರ್ಥವಾಯಿತು.

ಈಗ ಸುದ್ದಿ. ನೀನು ಹೇಳಿದ ಹಾಗೆ ಮೊದಲ ದಿನಗಳಿಗೆ ತಟ್ಟೆಯಲ್ಲಿ ಊಟ ಇಡುತ್ತಿದ್ದೇನೆ. ಗುಲಾಬಿ ಗಿಡದ ಬಳಿ ಹಿಕ್ಕೆ ಬಿದ್ದಿತ್ತು, ಊನಾಳನ್ನು ಕರೆಸಿ ತೋರಿಸಿದೆ, ಅದರದ್ದೇ ಎಂದಳು. ಮುದುಕಿಯರಿಬ್ಬರು ಹಿಕ್ಕೆಯ ಮುಂದೆ ಬಗ್ಗಿ ನಿಂತದ್ದನ್ನು ನೋಡಿ ಪೋಸ್ಟ್‌ಮ್ಯಾನ್ ಏನೆಂದುಕೊಂಡನೋ. ನಿನ್ನೆ ಮುಸ್ಸಂಜೆ ಅದನ್ನೇ ಕಂಡೆ, ಬಸವನಹುಳು ಕಡಿಯುತ್ತಿತ್ತು. ದುಂಡಗಿದೆ, ಚೆನ್ನಾಗಿದೆ.

ಚೆನ್ನಾಗಿಲ್ಲದವಳು ನೀನು. ಅವನ ಅಪ್ಪನ ಕೋಟಿನಲ್ಲಿ ನಿನ್ನಂಥವರು ಇಬ್ಬರು ಹಿಡಿಸುತ್ತಿದ್ದರು. ಭಾನುವಾರ ಊಟಕ್ಕೆ ಬಾ. ಬಾರ್ಲಿ ಸೂಪ್ ಮಾಡಿರುತ್ತೇನೆ. ಬಟ್ಟಲು ಖಾಲಿಯಾಗದೆ ಬಾಗಿಲು ತೆಗೆಯುವುದಿಲ್ಲ. ಇಷ್ಟವಿದ್ದರೆ ಅಮ್ಮ ಎಂದೇ ಕರೆ. ಇಲ್ಲದಿದ್ದರೆ ಬಿಡು, ಬಂದರೆ ಸಾಕು.

ಇಶ್ಬೆಲ್

ತಾ. ಕ.: ಒಂದು ವಿಷಯ ಯಾರಿಗೂ ಹೇಳಿಲ್ಲ. ಅವನನ್ನು ಮಣ್ಣು ಮಾಡಿದ ಮರುದಿನದಿಂದ ನಾನೂ ಬೇಲಿಯ ಕೆಳಗೆ ಪ್ರತಿ ಸಂಜೆ ಒಂದು ತಟ್ಟೆ ಊಟ ಇಡುತ್ತಿದ್ದೆ, ಇನ್ನೊಂದೇನಾದರೂ ಹಸಿದು ಬಂದರೆ ಎಂದು. ಬೆಳಿಗ್ಗೆ ತಟ್ಟೆ ಖಾಲಿ ಇರುತ್ತಿತ್ತು, ಸಮಾಧಾನವಾಗುತ್ತಿತ್ತು. ಫೆಬ್ರವರಿಯಲ್ಲಿ ಹಿಮದ ಮೇಲೆ ಹೆಜ್ಜೆ ನೋಡಿ ಗೊತ್ತಾಯಿತು, ತಿನ್ನುತ್ತಿದ್ದದ್ದು ಪಕ್ಕದ ಮನೆಯ ಬೆಕ್ಕು. ಆಮೇಲೂ ಇಟ್ಟೆ.