ಪುದೀನದ ಗೋಜಲು, ಅತ್ತೆಯ ಕೈ

ಮಾರ್ಚ್ 9, ಸೋಮವಾರ, ಬಟವಾಡಿ

ತಾರಸಿಯಲ್ಲಿ ಮಣ್ಣಿಲ್ಲದೆ ಬರೀ ನೀರು ಹರಿಸಿ ಗಿಡ ಬೆಳೆಸುವ ಪೈಪಿನಲ್ಲಿ ಪುದೀನ, ಪಾಲಕ್ ಒಟ್ಟಿಗೆ ಹಾಕಿದ್ದು ನನ್ನದೇ ದಡ್ಡತನ. ಬೇರಿಗೆ ಬೇರು ಸುತ್ತಿಕೊಂಡು ಇವತ್ತು ನೀರೇ ಹರಿಯಲಿಲ್ಲ, ಪಾಲಕ್ ಎಲ್ಲ ಬಾಡಿತ್ತು. ಕತ್ತರಿಯಲ್ಲಿ ಬೇರು ಕತ್ತರಿಸಿ ಎರಡು ಪಾಲಕ್ ಗಿಡ ಬಿಡಿಸುವಷ್ಟರಲ್ಲಿ, ಗುಬ್ಬಿಯಿಂದ ಬಂದಿರುವ ಅತ್ತೆ ನರಸಿಂಹಮ್ಮ ನನ್ನ ಕೈ ಹಿಡಿದರು.

"ಬುಡು ಕಣೇ. ಎಳೆದಷ್ಟೂ ಗಂಟು ಬಿಗೀತದೆ."

ವರ್ಷಗಟ್ಟಲೆ ತೆಂಗಿನ ನಾರಿನ ಹಗ್ಗ ಹೊಸೆದ ಕೈ ಅದು. ಗೋಜಲನ್ನು ಇಡಿಯಾಗಿ ಬಕೆಟ್ ನೀರಿಗೆ ಇಳಿಸಿ, ತುದಿಯಿಂದ ಮೆಲ್ಲಗೆ ಅಲ್ಲಾಡಿಸಿದರು. ಕಣ್ಣು ಅತ್ತ ಇರಲೇ ಇಲ್ಲ. ಪಕ್ಕದ ಮನೆಯವರ ಜೊತೆ ಮಾತು ಬೇರೆ! ಹದಿನೆಂಟು ಪಾಲಕ್ ಹೊರಬಂದವು. ಒಂದು ಬೇರೂ ಹರಿದಿರಲಿಲ್ಲ. ಸಸ್ಯಶಾಸ್ತ್ರ ಪಾಠ ಮಾಡೋಳು ನಾನು!

ಮತ್ತೆ ಪೈಪಿಗೆ ಇಟ್ಟ ಮೇಲೆ ಸಂಜೆಗೆ ಹದಿನೆಂಟೂ ತಲೆಯೆತ್ತಿದ್ದವು. ನಾನು ಕತ್ತರಿಸಿದ ಎರಡನ್ನು ಅತ್ತೆಗೆ ಕಾಣದಂತೆ ಎಸೆಯೋಣ ಅಂತ ಹೋದೆ. ಆಗಲೇ ಯಾರೋ ಅವನ್ನು ಒಂದು ಲೋಟ ನೀರಿನಲ್ಲಿ ನಿಲ್ಲಿಸಿದ್ದರು. ಯಾರೋ ಅಂತ ಬರೀತಿದೀನಲ್ಲ...