ಹನ್ನೊಂದನೇ ಟೇಕ್

ಜೂನ್ 3, ಸೋಮವಾರ. ಬೆಳಿಗ್ಗೆ 7

ಕರಪತ್ರದ ಕೊನೆಯ ಪ್ಯಾರಾ ಕೂಡಿಬರುತ್ತಿಲ್ಲ. ಮೂರು ಸಲ ಹೊಡೆದುಹಾಕಿದೆ. ತಲೆಬರಹ ಮಾತ್ರ ಗಟ್ಟಿ— ‘ದೆವ್ವ ಮಾರುವವರಿದ್ದಾರೆ, ಎಚ್ಚರ!’ ಶುಕ್ರವಾರ ಸಿನಿಮಾ ಬಿಡುಗಡೆ. ಭಾನುವಾರ ನಮ್ಮ ಓದು ಬಳಗ ಟಾಕೀಸಿನ ಮುಂದೆ ಇದನ್ನು ಹಂಚುವುದು, ನಾನು ಗಟ್ಟಿಯಾಗಿ ಓದುವುದು. ದೆವ್ವದ ಪಾತ್ರ ಮಾಡಿರುವವಳು ನನ್ನ ಸ್ವಂತ ಅಕ್ಕ ಎಂದು ಬಳಗಕ್ಕೆ ಗೊತ್ತು. ಅದಕ್ಕೇ ನಾನೇ ಓದಬೇಕಂತೆ. ಸರಿಯೇ. ತತ್ವಕ್ಕೆ ನೆಂಟಸ್ತಿಕೆ ಇಲ್ಲ.

ಅಮ್ಮ ಹೋದ ಮೇಲೆ ಮನೆಯ ಹೊಣೆ ಅಕ್ಕನದೇ. ಹಗಲು ಹೊಲಿಗೆ ಅಂಗಡಿ, ಸಂಜೆ ನಾಟಕ, ಈಗ ಇದು. ಪಾತ್ರ ಹೇಗಿದೆ ಎಂದು ಅಪ್ಪ ಕೇಳಿದರು. “ಡೈಲಾಗೇ ಇಲ್ಲ ಅಪ್ಪ. ನಂಗೆ ಅಭ್ಯಾಸ ಇದೆ” ಅಂದಳು. ಗುಡಿಸುತ್ತ ಇನ್ನೂ ಏನೋ ಹೇಳುತ್ತಿದ್ದಳು— ಯಾವುದೋ ತಂಡ, ಹದಿನೆಂಟಕ್ಕೆ... ಹೂಂ ಅಂದೆ. ಪ್ಯಾರಾ ತಪ್ಪಿಹೋಯಿತು.

ಜೂನ್ 5

ಪ್ರೆಸ್ಸಿನಲ್ಲಿ ಕರಪತ್ರ ಅಚ್ಚಾಯಿತು. ಸಾವಿರ ಪ್ರತಿ. ಮಷಿನ್ ಓಡಿಸುವ ಅಣ್ಣ ಒಂದನ್ನು ಓದಿ, ಸಿನಿಮಾ ಇನ್ನೂ ಬಂದೇ ಇಲ್ಲವಲ್ಲ, ಹೇಗೆ ಬರೆದೆ ಎಂದ. ವಿಷವೆಂದು ತಿಳಿಯಲು ಕುಡಿದೇ ನೋಡಬೇಕೇ ಎಂದೆ.

“ಕುಡೀಬೇಡ ಮಹಾರಾಯ. ಬಾಟ್ಲಿ ಮೇಲಿನ ಚೀಟಿನಾದ್ರೂ ಓದು.”

ಮನೆಯಲ್ಲಿ ಅಕ್ಕನೂ ಓದಿದಳು. ಜಗಳಕ್ಕೆ ಸಿದ್ಧನಾಗಿದ್ದೆ. ಮಡಿಸಿ ಕೊಟ್ಟಳು. “ಒಂದ್ಸಲ ನೋಡೋ. ಆಮೇಲೆ ಎಷ್ಟು ಬೇಕಾದ್ರೂ ಬೈಯಿ.”

ಜೂನ್ 8, ಶನಿವಾರ. ಮಧ್ಯಾಹ್ನ 3

ನೋಡಿ ಬಂದೆ. ಬೆಳಗಿನ ಆಟ. ಟೋಪಿ ಹಾಕಿಕೊಂಡು, ಕೊನೆಯ ಸಾಲಲ್ಲಿ. ಬಳಗದವರು ಕಂಡರೆ?

ಏನೂ ಅರ್ಥವಾಗುತ್ತಿಲ್ಲ. ಬರೆದರೆ ಆಗಬಹುದು.

ಮೊದಲ ದೃಶ್ಯದಲ್ಲೇ ಅಕ್ಕ ಸಾಯುತ್ತಾಳೆ. ಪಾತ್ರೆ ತೊಳೆಯುತ್ತ, ಸಿಂಕಿನ ಬುಡದಲ್ಲಿ ಕುಸಿದು. ಯಾರೂ ನೋಡುವುದಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಎದ್ದು ಉಳಿದ ಪಾತ್ರೆ ತೊಳೆಯುತ್ತಾಳೆ. ಅಷ್ಟೇ. ಕಿರುಚಾಟವಿಲ್ಲ. ದಿನದಿಂದ ದಿನಕ್ಕೆ ಕೈ ಕಪ್ಪಾಗುತ್ತದೆ. ಆ ಕೈಯಿಂದಲೇ ಬಡಿಸುತ್ತಾಳೆ. ಅಪ್ಪ, ತಮ್ಮ ಇಬ್ಬರೂ ಉಣ್ಣುತ್ತಾರೆ. ಅಕ್ಕ ಏನೂ ನಟಿಸುವುದಿಲ್ಲ, ಬರೀ ಕೆಲಸ ಮಾಡುತ್ತಾಳೆ. ನನ್ನ ಪಕ್ಕದವನು ಕುರ್ಚಿಯ ಕೈ ಬಿಟ್ಟಿರಲಿಲ್ಲ.

ಆಮೇಲೆ ಆ ದೃಶ್ಯ. ತಮ್ಮ ಓದುತ್ತ ಕೂತಿದ್ದಾನೆ. ಸತ್ತ ಅಕ್ಕ ಗುಡಿಸುತ್ತ ಬರುತ್ತಾಳೆ. ಅವನು ಪುಸ್ತಕದಿಂದ ಕಣ್ಣು ಕೀಳದೆ ಎರಡೂ ಕಾಲು ಎತ್ತುತ್ತಾನೆ. ಗುಡಿಸಿದ್ದಾಯಿತು. ಇಳಿಸುತ್ತಾನೆ. ಜನ ನಕ್ಕರು. ಆಮೇಲೆ ನಗು ನಿಂತುಹೋಯಿತು, ಒಬ್ಬೊಬ್ಬರದಾಗಿ.

ಆ ಹುಡುಗ ಅದನ್ನು ಎಲ್ಲಿ ಕಲಿತ?

‘ದೆವ್ವವನ್ನು ನಂಬುವ ಮನೆ ಕತ್ತಲಮನೆ’ ಎಂದು ಬರೆದಿದ್ದೇನೆ. ಆದರೆ ಆ ಮನೆಯಲ್ಲಿ ಯಾರೂ ನಂಬುವುದಿಲ್ಲ. ನಂಬಿದ್ದರೆ ಒಬ್ಬರಾದರೂ ತಿರುಗಿ ನೋಡುತ್ತಿದ್ದರು. ಹಾಗಾದರೆ ನಾನು ಯಾವ ಕಡೆ?

ಜೂನ್ 9, ಭಾನುವಾರ

ಎರಡು ಸಾಲು ಓದಿದೆ. ‘ಸತ್ತವರು ಎದ್ದು ಬರುವುದಿಲ್ಲ’ ಎಂಬಲ್ಲಿ ನಿಂತೆ. ಬಳಗದ ಹಿರಿಯ, ನಾವೆಲ್ಲ ‘ಕನ್ನಡಕ’ ಎನ್ನುವವನು, ಕಿತ್ತುಕೊಂಡು ಪೂರ್ತಿ ಓದಿದ. ಚಪ್ಪಾಳೆ. ಅವನು ಸಿನಿಮಾ ನೋಡಿಲ್ಲ. ಬಳಗದಲ್ಲಿ ನೋಡಿದವನು ನಾನೊಬ್ಬನೇ. ಟಿಕೆಟ್ ಸಾಲಿನಲ್ಲಿದ್ದ ಹೆಂಗಸೊಬ್ಬಳು ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಗಾಳಿ ಬೀಸಿಕೊಂಡಳು. ಅವಳದೇ ಸರಿಯೇನೋ.

ಜೂನ್ 16

ವಾರ ಬರೆದಿಲ್ಲ.

ಇವತ್ತು ಕೇಳಿಯೇಬಿಟ್ಟೆ— ಆ ಹುಡುಗನಿಗೆ ಕಾಲೆತ್ತುವುದನ್ನು ಹೇಳಿಕೊಟ್ಟವರು ಯಾರು. ಅಕ್ಕ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು. ನೋಡಿದ್ದೀಯ ಹಾಗಾದರೆ ಎನ್ನುವಂತೆ ನಕ್ಕಳು.

“ನಾನೇ. ಅವ್ನಿಗೆ ಬರ್ತಾನೇ ಇರ್ಲಿಲ್ಲ ಪಾಪ. ಪ್ರತಿ ಸಲ ನನ್ ಮುಖ ನೋಡ್ಬಿಡ್ತಿದ್ದ. ಹನ್ನೊಂದು ಟೇಕ್ ಆಯ್ತು.”

ಸೂಟ್‌ಕೇಸ್ ಯಾಕೆ ಎಂದೆ.

“ಹೇಳಿದ್ನಲ್ಲೋ. ಮೂರು ಸಲ.”

ಹದಿನೆಂಟಕ್ಕೆ. ಊರೂರು ಸುತ್ತುವ ನಾಟಕ ತಂಡ, ಒಂದು ವರ್ಷ. ಹೋಗಬೇಡ ಎನ್ನಲು ನನಗೇನು ಹಕ್ಕು— ಹೆಣ್ಣಿನ ಸ್ವಾತಂತ್ರ್ಯದ ಮೇಲೆ ಎರಡು ಕರಪತ್ರ ಬರೆದವನು. ಹೋಗು ಎಂದರೆ ತಳ್ಳಿದಂತೆ. ಹೂಂ ಅಂದೆ. ಮತ್ತದೇ ಹೂಂ.

ತೀರ್ಮಾನ: ಹೊರಡುವ ದಿನ ಪೊರಕೆ ನಾನೇ ಹಿಡಿಯುವುದು. ಅವಳ ಮುಖ ನೋಡಿ ಮಾತಾಡುವುದು.

ಜೂನ್ 18, ಮಂಗಳವಾರ. ಬೆಳಿಗ್ಗೆ 6.40

ಬಸ್ಸು ಎಂಟಕ್ಕೆ. ಬೇಗ ಎದ್ದೆ. ಹೇಳಬೇಕಾದ್ದನ್ನು ಮೊದಲು ಇಲ್ಲಿ ಬರೆದುಕೊಂಡರೆ ತೊದಲುವುದಿಲ್ಲ. ಅಕ್ಕಾ, ಕರಪತ್ರದಲ್ಲಿ ಬರೆದದ್ದು ತಪ್ಪು— ಬೇಡ, ಭಾಷಣವಾಯಿತು. ಅಕ್ಕಾ, ತುಂಬ ಚೆನ್ನಾಗಿ ಮಾಡಿದ್ದೀಯ— ಇದೂ ಸಾಲದು. ಅಕ್ಕಾ, ನಾನು ನಿನ್ನನ್ನು ಯಾವತ್ತೂ ಸರಿಯಾಗಿ

ಮೇಜಿನ ಕೆಳಗೆ ಸರಸರ ಸದ್ದು. ಪೊರಕೆ. ಯಾವಾಗ ಬಂದಳು? ನನ್ನ ಎರಡೂ ಕಾಲು ಆಗಲೇ